ಹೆಬ್ಬೆಯಲ್ಲಿ ಕೂಗಿದ್ದು, ಅಜ್ಜಂಪುರದಲ್ಲಿ ಕರೆದದ್ದು

ಹೆಬ್ಬೆ ಜಲಪಾತದ ನೀರಿನೆದುರು ನಿಂತು ‘ಕಂದಾ’ ಎಂಬ ಒಂದೇ ಮಾತನ್ನು ಎರಡು ದಿನ ಕೂಗಿದೆ. ಎಷ್ಟು ಸಲ ಎಂದು ಕೇಳಬೇಡಿ, ನನಗೇ ಗೊತ್ತಿಲ್ಲ. ಎಪ್ಪತ್ತರ ದಶಕದ ಕೊನೆಯ ಮಾತು ಇದು. ಆ ಸಿನಿಮಾದಲ್ಲಿ ನನ್ನದು ನಾಲ್ಕೇ ದೃಶ್ಯಗಳ ತಾಯಿ ಪಾತ್ರ. ಮಗು ಆಚೆ ದಡದ ಕಾಡಿನಲ್ಲಿ ತಪ್ಪಿಸಿಕೊಂಡಿದೆ, ತಾಯಿ ಈಚೆ ಬಂಡೆಯ ಮೇಲೆ ನಿಂತು ಕರೆಯುತ್ತಾಳೆ. ನಾಟಕ ಕಂಪನಿಯಲ್ಲಿ ಇಪ್ಪತ್ತು ವರ್ಷ ಸವೆಸಿದವಳಿಗೆ ಇದು ಯಾವ ಮಹಾ ಕೆಲಸ ಎಂದುಕೊಂಡು ಬಂಡೆ ಹತ್ತಿದ್ದೆ.

ಕಾರ್ತಿಕ ಕಳೆದು ಚಳಿ ಹಿಡಿದಿತ್ತು. ಬೆಳಿಗ್ಗೆ ಕೆಮ್ಮಣ್ಣುಗುಂಡಿಯಿಂದ ಜೀಪಿನಲ್ಲಿ ಕಾಫಿ ತೋಟದ ದಾರಿ, ಅದು ಮುಗಿದ ಮೇಲೆ ನಡಿಗೆ. ಹೋದ ಕೂಡಲೇ ಸೀರೆಯ ಮೇಲೆ ಎರಡು ಕೊಡ ನೀರು ಸುರಿಯುತ್ತಿದ್ದರು, ಒದ್ದೆಯಾಗಿ ಕಾಣಬೇಕಲ್ಲ. ಕ್ಯಾಮೆರಾ ಎದುರು ದಡದಲ್ಲಿತ್ತು. ಡೈರೆಕ್ಟರು ಅಲ್ಲಿಂದಲೇ ಟವೆಲು ಬೀಸಿದರೆ ನಾನು ಶುರುಮಾಡಬೇಕು, ಇನ್ನೊಮ್ಮೆ ಬೀಸಿದರೆ ನಿಲ್ಲಿಸಬೇಕು. ಮೋಡ ಬಂತು, ಇನ್ನೊಂದು ಸಲ. ಮರದ ನೆರಳು ಬಿತ್ತು, ಇನ್ನೊಂದು ಸಲ. ಸೆರಗು ಮುಖಕ್ಕೆ ಹಾರಿತು, ಇನ್ನೊಂದು ಸಲ.

ನೀರಿನ ಆ ಭೋರೆಂಬ ಸದ್ದಿನಲ್ಲಿ ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಕಡೆಯ ಬೆಂಚಿನವನಿಗೆ ಕೇಳಿಸದಿದ್ದರೆ ಅದು ಮಾತೇ ಅಲ್ಲ ಎಂದು ಕಂಪನಿಯ ಮಾಲೀಕರು ಕಲಿಸಿದ್ದರು. ಹೆಬ್ಬೆಯಲ್ಲಿ ನನ್ನ ಕಡೆಯ ಬೆಂಚು ಎದುರು ದಡದಲ್ಲಿತ್ತು. ಹೊಟ್ಟೆಯಿಂದ ಉಸಿರೆತ್ತಿ ಕೂಗಿದೆ. ನೀರಿನ ಮೇಲೆ ಜಿದ್ದಿಗೆ ಬಿದ್ದವಳ ಹಾಗೆ ಕೂಗಿದೆ.

ಎರಡನೆಯ ದಿನ ಸಂಜೆ ಸಾಮಾನು ಕಟ್ಟುವಾಗ ಅಸಿಸ್ಟೆಂಟ್ ಡೈರೆಕ್ಟರು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಡುತ್ತಾ ಹೇಳಿದರು: “ಯಾಕಮ್ಮಾ ಅಷ್ಟೊಂದು ಕಿರುಚ್ತೀರಿ? ಇಲ್ಲಿ ಸೌಂಡೇ ತಗೋತಾ ಇಲ್ಲ. ಸುಮ್ನೆ ಬಾಯಾಡ್ಸಿದ್ರೆ ಸಾಕಾಗಿತ್ತು. ಮಾತೆಲ್ಲ ಆಮೇಲೆ ಮದ್ರಾಸಲ್ಲಿ ಹಾಕ್ಕೋತೀವಿ.”

ಅದಕ್ಕೆ ಮುಂಚೆ ನಾನು ಮಾಡಿದ್ದ ಎರಡು ಸಿನಿಮಾಗಳಲ್ಲಿ ನನಗೆ ಮಾತೇ ಇರಲಿಲ್ಲ, ಹಾಗಾಗಿ ಈ ಸಂಗತಿ ಯಾರೂ ಹೇಳಿರಲಿಲ್ಲ. ಅಯ್ಯಾ, ಮೊದಲೇ ಬೊಗಳೋಕೆ ಏನಾಗಿತ್ತು ನಿಂಗೆ ಎಂದು ಬೈಯಬೇಕೆಂದು ಬಾಯಿ ತೆರೆದೆ. ಗಾಳಿ ಬಂತು. ಮತ್ತೊಮ್ಮೆ ತೆರೆದೆ. ಮತ್ತೂ ಗಾಳಿಯೇ. ಆತ ನಾನು ತಮಾಷೆ ಮಾಡುತ್ತಿದ್ದೇನೆಂದು ತಿಳಿದು ನಕ್ಕ.

ಮಾರನೆಯ ದಿನ ತರೀಕೆರೆಗೆ ಇಳಿದು ಡಾಕ್ಟರ ಹತ್ತಿರ ಹೋದೆ. ಅವರು ನನ್ನ ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದೆಳೆದು, ಉದ್ದ ಹಿಡಿಕೆಯ ಪುಟ್ಟ ಕನ್ನಡಿಯನ್ನು ದೀಪಕ್ಕೆ ಹಿಡಿದು ಬೆಚ್ಚಗೆ ಮಾಡಿ ಗಂಟಲಿಗೆ ಇಳಿಸಿದರು. ನೋಡಿದರು, ತೆಗೆದರು, ಮತ್ತೆ ನೋಡಿದರು. ಮಾತು ಹೊರಡುವ ಎರಡು ತಂತಿಗಳೂ ಊದಿಕೊಂಡಿವೆ, ಒಂದರ ಮೇಲೆ ರಕ್ತ ಕಟ್ಟಿದೆ ಎಂದರು.

“ಮೂರು ವಾರ ಒಂದೇ ಒಂದು ಮಾತೂ ಆಡಬಾರದು. ಪಿಸುಗುಡೋದೂ ಬೇಡ, ಅದು ಇನ್ನೂ ಕೆಟ್ಟದ್ದು.”

ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು ಅವರ ಚೀಟಿಯ ಹಿಂದೆಯೇ ‘ಆಡಿದರೆ?’ ಎಂದು ಬರೆದೆ.

“ಆಡಿದ್ರೆ ಮೂರು ವಾರದ್ದು ಜನ್ಮಕ್ಕಾಗುತ್ತೆ. ಆಮೇಲೆ ನನ್ನ ಹತ್ರ ಬಂದು ಅಳಬೇಡಿ.”

ನಾಟಕದವಳಿಗೆ ಗಂಟಲೇ ಹೊಲ, ಗಂಟಲೇ ಮನೆ. ನನಗೆ ಬೇರೆ ಹೊಲವೂ ಇರಲಿಲ್ಲ, ಮನೆಯೂ ಇರಲಿಲ್ಲ. ನಮ್ಮ ಕಂಪನಿ ಕಡೂರಿನಲ್ಲಿ ಕ್ಯಾಂಪು ಹಾಕಿದ್ದಾಗ ಮುಚ್ಚಿಹೋಯಿತು. ಎಲ್ಲಿಗೆ ಹೋಗಲಿ ಎಂದು ಗೊತ್ತಾಗದೆ ರೈಲ್ವೆ ಸ್ಟೇಷನ್ ಹತ್ತಿರವೇ ಒಂದು ಕೋಣೆ ಬಾಡಿಗೆಗೆ ಹಿಡಿದು ಉಳಿದವಳು ನಾನು. ಅಲ್ಲಿಂದ ಸುತ್ತಲ ಊರುಗಳ ನಾಟಕಗಳಿಗೆ ಹೋಗಿ ಹೆಣ್ಣು ಪಾತ್ರ ಕಟ್ಟಿ ಬರುತ್ತಿದ್ದೆ. ಊರಿನ ಗಂಡಸರು ತಿಂಗಳುಗಟ್ಟಲೆ ಅಭ್ಯಾಸ ಮಾಡಿರುತ್ತಾರೆ, ನಾನು ನಾಟಕದ ದಿನ ಹೋಗಿ ಇಳಿದು, ಮಾತು ಕೇಳಿಸಿಕೊಂಡು, ರಾತ್ರಿ ಬಣ್ಣ ಹಚ್ಚುವುದು. ಒಮ್ಮೆ ಅವರ ಕೈಯಿಂದ ವೀಳ್ಯ ತೆಗೆದುಕೊಂಡರೆ ಮುಗಿಯಿತು, ಸತ್ತರೂ ಹೋಗಿಯೇ ಸಾಯಬೇಕು. ವೀಳ್ಯ ಹಿಡಿದು ಬಾರದವಳನ್ನು ಆ ಸೀಮೆಯಲ್ಲಿ ಇನ್ಯಾರೂ ಕರೆಯುವುದಿಲ್ಲ.

ಅಜ್ಜಂಪುರದ ವೀಳ್ಯ ನಾನು ಹಿಡಿದು ನಾಲ್ಕು ತಿಂಗಳಾಗಿತ್ತು. ನಾಟಕಕ್ಕೆ ನಾಲ್ಕು ದಿನ ಉಳಿದಿತ್ತು.

ತರೀಕೆರೆಯ ಅಂಗಡಿಯಲ್ಲಿ ಒಂದು ಸ್ಲೇಟು, ಎರಡು ಬಳಪ ಕೊಂಡು ರೈಲು ಹತ್ತಿದೆ. ಬೀರೂರಿನಲ್ಲಿ ಗಾಡಿ ಬದಲಾಯಿಸಬೇಕು. ಎದುರು ಕೂತಿದ್ದ ಹೆಂಗಸು “ಯಾವೂರಮ್ಮಾ?” ಎಂದು ಕೇಳಿದಳು, ಸ್ಲೇಟಿನಲ್ಲಿ ಬರೆದು ತೋರಿಸಿದೆ. ಪಾಪ, ಅವಳಿಗೆ ಓದಲು ಬರದು. “ಅಯ್ಯೋ ಶಿವನೇ, ಮೂಗಿ” ಎಂದು ಕನಿಕರಪಟ್ಟು ಮಡಿಲಿನಿಂದ ಒಂದು ಹಿಡಿ ಕಡಲೆಕಾಯಿ ತೆಗೆದು ಕೊಟ್ಟಳು. ನನಗೆ ಅಳು ಬಂತು. ಕಡಲೆಕಾಯಿಯನ್ನೂ ತಿಂದೆ.

ವೀಳ್ಯ ಹಿಂದಿರುಗಿಸಿ ಬಿಡೋಣ ಎಂದೇ ನಾನು ಅಜ್ಜಂಪುರಕ್ಕೆ ಹೊರಟದ್ದು. ಎಲೆ ಅಡಿಕೆ ಹೊಸದಾಗಿ ಕೊಂಡು ಚೀಲದಲ್ಲಿ ಇಟ್ಟುಕೊಂಡಿದ್ದೆ. ನಾಟಕ ಕಲಿಸುವ ಮೇಷ್ಟ್ರು ಹಳೆಯ ಪರಿಚಯದವರು. ಒಂದು ಕಾಲದಲ್ಲಿ ನಮ್ಮ ಕಂಪನಿಯಲ್ಲೇ ಹಾರ್ಮೋನಿಯಂ ನುಡಿಸುತ್ತಿದ್ದವರು, ನನಗೆ ಶ್ರುತಿ ಹಿಡಿಯುವುದನ್ನು ಕಲಿಸಿದವರೂ ಅವರೇ. ಅಭ್ಯಾಸ ನಡೆಯುತ್ತಿದ್ದದ್ದು ಒಂದು ಈರುಳ್ಳಿ ಮಂಡಿಯ ಗೋಡೌನಿನಲ್ಲಿ. ಬಾಗಿಲಲ್ಲಿ ನಿಂತು ಸ್ಲೇಟು ಎತ್ತಿ ತೋರಿಸಿದೆ: ‘ಗಂಟಲು ಹೋಗಿದೆ. ಮೂರು ವಾರ ಮಾತಾಡಬಾರದು. ಬೇರೆಯವರನ್ನು ಕರೆಸಿ.’

ಮೇಷ್ಟ್ರು ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದರು. “ಬೇರೆಯವ್ರನ್ನ ಎಲ್ಲಿಂದ ಕರ್ಸ್ಲೇ? ಇದು ಪುಸ್ತಕದ ನಾಟ್ಕ ಅಲ್ಲ ಕಣೇ, ನಾನು ಬರ್ದಿದ್ದು. ತಾಯಿ ಮಾತು ನಿಂಗ್ ಬಿಟ್ರೆ ಇನ್ಯಾರ್ಗೂ ಕಳ್ಸಿಲ್ಲ ನಾನು.”

ನಿಜವೇ. ಪಾತ್ರವನ್ನು ನೋಟುಬುಕ್ಕಿನಲ್ಲಿ ಬರೆದು ಎರಡು ತಿಂಗಳ ಹಿಂದೆಯೇ ನನಗೆ ಕಳಿಸಿದ್ದರು. ಪಾಳೆಯಗಾರರ ಕಾಲದ ಕಥೆ. ಬರಗಾಲದಲ್ಲಿ ತಾಯಿಯೊಬ್ಬಳು ಹಸುಗೂಸನ್ನು ದಾರಿಹೋಕರ ಗಾಡಿಯಲ್ಲಿ ಮಲಗಿಸಿ ಬಿಟ್ಟುಬಿಡುತ್ತಾಳೆ. ಆ ಮಗು ಬೆಳೆದು ನಾಯಕನಾಗುತ್ತಾನೆ. ಕಡೆಯ ದೃಶ್ಯದಲ್ಲಿ ಅವಳ ಎರಡನೆಯ ಮಗ ಅದೇ ನಾಯಕನೆದುರು ಮರಣದಂಡನೆಗೆ ನಿಂತಿರುತ್ತಾನೆ, ಮುದುಕಿ ಬಂದು ಗುಟ್ಟು ಒಡೆಯುತ್ತಾಳೆ. ಆ ದೃಶ್ಯ ಇಲ್ಲದಿದ್ದರೆ ನಾಟಕವೇ ಇಲ್ಲ.

“ಕಂಪನೀಲಿ ಮೆಣಸಿನ ಕಷಾಯ ಕುಡ್ದು ಎಷ್ಟು ಸಲ ಹಾಡಿಲ್ಲ ನೀನು? ಒಂದು ರಾತ್ರಿ ಕಣೇ. ಒಂದೇ ರಾತ್ರಿ ಎಳ್ದಾಕ್ಬಿಡು.”

ಹಾಡಿದ್ದೆ. ಆಗ ನನಗೆ ಇಪ್ಪತ್ತೆರಡು ವರ್ಷ. ಈಗ ನಲವತ್ತು ದಾಟಿ, ಬೆಳಿಗ್ಗೆ ಎದ್ದಾಗ ಮಂಡಿ ಹಿಡಿದುಕೊಳ್ಳುವ ಕಾಲ. ಸ್ಲೇಟು ಒರೆಸಿ ‘ಡಾಕ್ಟರು ಜನ್ಮಕ್ಕೆ ಎಂದಿದ್ದಾರೆ’ ಎಂದು ಬರೆದೆ. ಮೇಷ್ಟ್ರು ಓದಿ, ಸ್ಲೇಟನ್ನು ಮೆಲ್ಲಗೆ ನನ್ನ ಕೈಗೇ ವಾಪಸು ಕೊಟ್ಟು, ತಲೆ ತಗ್ಗಿಸಿ ಕೂತರು. ಆ ಮನುಷ್ಯ ಬೈದಿದ್ದರೆ ನಾನು ಅಂದೇ ಹೊರಟುಬಿಡುತ್ತಿದ್ದೆ.

ಸುದ್ದಿ ಅರ್ಧ ಗಂಟೆಯಲ್ಲಿ ಊರೆಲ್ಲ ಹರಡಿತು. ಒಬ್ಬರು ಜೇನುತುಪ್ಪ ತಂದರು, ಇನ್ನೊಬ್ಬರು ಅತಿಮಧುರ, ಮತ್ತೊಬ್ಬರು ಮಠದಿಂದ ಮಂತ್ರಿಸಿದ ವಿಭೂತಿ. ಎಲ್ಲವನ್ನೂ ನುಂಗಿದೆ, ಬಳಿದುಕೊಂಡೆ. ಯಾವುದೂ ಡಾಕ್ಟರ ಮಾತಿಗಿಂತ ದೊಡ್ಡದಾಗಲಿಲ್ಲ.

ಮೇಷ್ಟ್ರು ಕೊನೆಗೆ ಎದ್ದು, “ಹೆಂಗೂ ಬಂದಿದ್ದೀಯ. ನಾಯಕ ಮಾಡೋರು ಕಾಯ್ತಾವ್ರೆ. ನೀನು ಸುಮ್ನೆ ನಿಂತ್ಕ, ಅವ್ರ ಮಾತಾದ್ರೂ ಒಂದ್ಸಲ ಆಗ್ಲಿ” ಎಂದರು.

ನಾಯಕನ ಪಾತ್ರದವರು ಆ ಮಂಡಿಯ ಸಾಹುಕಾರರೇ. ಐವತ್ತರ ಹತ್ತಿರದ ದಪ್ಪ ಆಳು, ಹಣೆ ತುಂಬ ವಿಭೂತಿ, ಗೋಣಿಚೀಲದ ದಾರ ಕಿವಿಗೆ ಸಿಕ್ಕಿಸಿಕೊಂಡೇ ಅಭ್ಯಾಸಕ್ಕೆ ಬರುತ್ತಿದ್ದವರು. ನನ್ನನ್ನು ಎದುರು ನಿಲ್ಲಿಸಿದರು. ಸಾಹುಕಾರರು ಗೋಡೆಯ ಕಡೆ ನೋಡುತ್ತಾ ಗುಡುಗಿದರು: “ಯಾರು ನೀನು, ಮುದುಕಿ?” ಬಳಿಕ ಉಸಿರೂ ಎಳೆಯದೆ, ದನಿ ಒಂದಿಷ್ಟು ಸಣ್ಣದು ಮಾಡಿ, “ನಾನು ಗುಡ್ಡದಾಚೆಯ ಹಳ್ಳಿಯವಳು ಪ್ರಭೂ” ಎಂದರು. ಮತ್ತೆ ದಪ್ಪ ದನಿಯಲ್ಲಿ, “ಯಾವ ಕಾರಣಕ್ಕೆ ಬಂದೆ?” ಮತ್ತೆ ಸಣ್ಣದಾಗಿ, “ಮಗನ ಪ್ರಾಣಭಿಕ್ಷೆ ಬೇಡಲು ಬಂದೆ ಪ್ರಭೂ.”

ಅದು ನನ್ನ ಮಾತು! ನಾನು ಮೇಷ್ಟ್ರ ಮುಖ ನೋಡಿದೆ.

“ಸಾಹುಕಾರ್ರೇ, ಅವ್ರ ಮಾತು ನೀವ್ ಯಾಕ್ ಹೇಳ್ತೀರಿ? ನಿಮ್ದು ಹೇಳಿ ನಿಲ್ಸಿ ಅಂತ ಎಷ್ಟ್ ಸಲ ಬಡ್ಕಂಡಿದೀನಿ!”

“ಅವ್ರುದು ಹೇಳ್ದಿದ್ರೆ ನಂದು ಬರಲ್ಲ ಮೇಷ್ಟ್ರೇ. ಏನ್ ಮಾಡ್ಲಿ?”

ಆಗ ಗೊತ್ತಾಯಿತು. ನಾಲ್ಕು ತಿಂಗಳ ಅಭ್ಯಾಸದಲ್ಲಿ ತಾಯಿ ಪಾತ್ರಕ್ಕೆ ಯಾರೂ ಇರಲಿಲ್ಲ. ಮೇಷ್ಟ್ರು ಹಾರ್ಮೋನಿಯಂ ಹತ್ತಿರ ಕೂತು ಇಬ್ಬರ ಮಾತನ್ನೂ ಒಂದರ ಹಿಂದೊಂದು ಹೇಳಿಕೊಟ್ಟಿದ್ದಾರೆ, ಈ ಮಹಾರಾಯರು ಇಡೀ ದೃಶ್ಯವನ್ನು ಮಗ್ಗಿ ಒಪ್ಪಿಸುವ ಹಾಗೆ ಒಟ್ಟಿಗೆ ಬಾಯಿಪಾಠ ಮಾಡಿಬಿಟ್ಟಿದ್ದಾರೆ. ನಡುವೆ ಒಂದು ಮಾತು ತೆಗೆದರೆ ಮುಂದಿನದು ಬಾರದು. ನನ್ನ ಗಂಟಲು ನೆಟ್ಟಗಿದ್ದಿದ್ದರೂ ಆ ರಾತ್ರಿ ನಾವಿಬ್ಬರೂ ಒಟ್ಟಿಗೆ ನನ್ನ ಮಾತು ಹೇಳಿ ನಗೆಪಾಟಲಾಗುತ್ತಿದ್ದೆವು.

ಮೇಷ್ಟ್ರು ಹಣೆ ಚಚ್ಚಿಕೊಂಡರು. ನನಗೆ ನಗು ಬಂತು, ನಗುವುದಕ್ಕೂ ದನಿಯಿಲ್ಲದೆ ಹೊಟ್ಟೆ ಹಿಡಿದುಕೊಂಡು ಈರುಳ್ಳಿ ಮೂಟೆಯ ಮೇಲೆ ಕೂತೆ. ಕೂತವಳಿಗೆ ಹೊಳೆಯಿತು. ಸ್ಲೇಟು ಎಳೆದುಕೊಂಡು ಬರೆದೆ: ‘ಹೇಳಲಿ. ಎರಡೂ ಅವರೇ ಹೇಳಲಿ. ನನ್ನ ಮಾತನ್ನು ಪ್ರಶ್ನೆ ಮಾಡಿ ಕೇಳಲಿ. ನಾನು ತಲೆಯಾಡಿಸುತ್ತೇನೆ.’

“ಪ್ರಶ್ನೆ ಅಂದ್ರೆ?” ಎಂದರು ಸಾಹುಕಾರರು.

ಬರೆದು ತೋರಿಸಿದೆ. ‘ನಾನು ಗುಡ್ಡದಾಚೆಯವಳು’ ಎಂಬುದು ‘ನೀನು ಗುಡ್ಡದಾಚೆಯವಳೋ?’ ಎಂದಾಗಬೇಕು. ‘ಭಿಕ್ಷೆ ಬೇಡಲು ಬಂದೆ’ ಎಂಬುದು ‘ಭಿಕ್ಷೆ ಬೇಡಲು ಬಂದೆಯೋ?’ ಎಂದು. ಮುದುಕಿಗೆ ಸಭೆಯಲ್ಲಿ ಭಯಕ್ಕೆ ಬಾಯಿ ಕಟ್ಟಿಹೋಗಿದೆ, ಅವಳ ಮುಖದಿಂದಲೇ ನಾಯಕ ಎಲ್ಲವನ್ನೂ ಓದಿಕೊಳ್ಳುತ್ತಾನೆ. ಮೇಷ್ಟ್ರು ಸ್ಲೇಟನ್ನು ಕೈಗೆ ತೆಗೆದುಕೊಂಡರು. “ಜನ ಕಲ್ಲಲ್ಲಿ ಹೊಡೀತಾರೆ ಕಣೇ” ಎಂದರು. ನಾಟಕದ ನೋಟುಬುಕ್ಕು ತೆರೆದು, “ಬೇರೆ ದಾರೀನೂ ಇಲ್ಲ” ಎಂದರು.

ಅದು ಮೂರು ದಿನದ ಕೆಲಸವಾಯಿತು. ನನ್ನ ನಲವತ್ತು ಚಿಲ್ಲರೆ ಮಾತುಗಳನ್ನು ಒಂದೊಂದಾಗಿ ತಿರುಗಿಸಿದೆವು. ಹಾಡೊಂದಿತ್ತು, ಅದನ್ನು ಮೇಷ್ಟ್ರೇ ಕೂತಲ್ಲಿಂದ ಹಾಡುವುದೆಂದಾಯಿತು. ಬರಗಾಲದ ರಾತ್ರಿಯ ಕಥೆ ಮಾತ್ರ ಪ್ರಶ್ನೆಗೆ ಬಗ್ಗಲಿಲ್ಲ, ತೀರ ಉದ್ದ. ಅದನ್ನು ಕೈಯಲ್ಲಿ ಮಾಡಿ ತೋರಿಸಿದೆ. ಒಣಗಿದ ಎದೆ, ಅಳುವ ಕೂಸು, ಹೋಗುತ್ತಿರುವ ಗಾಡಿ, ಅದರ ಹಿಂದೆ ಓಡಿ ಕೂಸನ್ನು ಹುಲ್ಲಿನ ಮೇಲೆ ಇಡುವುದು, ಗಾಡಿ ದೂರ ಹೋಗುವುದು. ಸಾಹುಕಾರರು ನೋಡಿ ನೋಡಿ ಹೇಳಬೇಕು.

ಅಲ್ಲೇ ಕಷ್ಟ ಬಂತು. ಅವರಿಗೆ ನೋಡಲು ಬರುತ್ತಿರಲಿಲ್ಲ. ನಾಲ್ಕು ತಿಂಗಳು ಗೋಡೆಗೆ, ಮೂಟೆಗೆ ಮಾತಾಡಿದ ಮನುಷ್ಯ. ನನ್ನ ಮುಖ ನೋಡಿದ ಕೂಡಲೇ ಬಾಯಿ ಕಟ್ಟಿ ನಿಂತುಬಿಡುತ್ತಿದ್ದರು.

“ನಿಮ್ಮ ಮುಖ ನೋಡುದ್ರೆ ಮಾತು ಮರ್ತೋಗ್ತದೆ ಕಣಮ್ಮಾ.”

‘ಮೂಗುಬೊಟ್ಟು ನೋಡಿ’ ಎಂದು ಬರೆದೆ. ಮೂಗುಬೊಟ್ಟು ನೋಡುತ್ತಾ ಮೊದಲ ದಿನ ಅರ್ಧ ದಾಟಿದರು. ಎರಡನೆಯ ದಿನ ಮುಕ್ಕಾಲು. ನನ್ನ ಕೈ ಬಳಪದ ಪುಡಿಯಿಂದ ಬೆಳ್ಳಗಾಗಿತ್ತು, ಒಂದು ಬಳಪ ಮುಗಿದೇಹೋಯಿತು. ಇಷ್ಟು ವರ್ಷದಲ್ಲಿ ಮಾತಿಲ್ಲದ ಪಾತ್ರಕ್ಕೆ ನಾನು ಪಟ್ಟಷ್ಟು ಪಾಡು ಯಾವ ಮಾತಿನ ಪಾತ್ರಕ್ಕೂ ಪಟ್ಟಿರಲಿಲ್ಲ. ಹೊತ್ತು ಮುಳುಗುವಷ್ಟರಲ್ಲಿ ಯಾರ ಮುಖ ನೋಡುವುದೂ ಬೇಡವೆನಿಸುತ್ತಿತ್ತು.

ಮೂರನೆಯ ದಿನ ಕಡೆಯವರೆಗೂ ಹೋದರು. ಕಡೆಯ ಭಾಗ ಹೀಗಿತ್ತು: ‘ಆ ಕೂಸು ನೀನೇ ಕಂದಾ’ ಎಂದು ತಾಯಿ ಹೇಳಬೇಕು. ಅದನ್ನು ‘ಆ ಕೂಸು ನಾನೇ ಏನು?’ ಎಂದು ಮಾಡಿದೆವು. ನಾನು ತಲೆಯಾಡಿಸಿದ ಮೇಲೆ ಅವರು ‘ತಾಯೀ’ ಎಂದು ಕಾಲಿಗೆ ಬೀಳಬೇಕು, ಪರದೆ ಇಳಿಯಬೇಕು. ‘ಕಂದಾ’ ಎಂಬ ಮಾತನ್ನು ಬಿಟ್ಟೇಬಿಟ್ಟೆವು.

ನಾಟಕದ ದಿನ ಸಂತೆ ಮೈದಾನದಲ್ಲಿ ಸ್ಟೇಜು ಕಟ್ಟಿದ್ದರು. ಹಳ್ಳಿ ನಾಟಕದಲ್ಲಿ ಒಬ್ಬೊಬ್ಬರೂ ತಮ್ಮ ಹಾಡು ಪೂರ್ತಿ ಹಾಡದೆ ಬಿಡುವುದಿಲ್ಲ, ನೆಂಟರು ಒನ್ಸ್ ಮೋರ್ ಎನ್ನದೆ ಬಿಡುವುದಿಲ್ಲ. ನಮ್ಮ ದೃಶ್ಯ ಬರುವಷ್ಟರಲ್ಲಿ ಪೂರ್ವ ಬೆಳ್ಳಗಾಗಿ ಬಲ್ಬುಗಳು ಮಂಕಾಗಿದ್ದವು. ಅರ್ಧ ಜನ ಕಂಬಳಿ ಹೊದ್ದು ಮಲಗಿದ್ದರು. ನಾನು ಕೋಲೂರಿಕೊಂಡು ಹೋಗಿ ನೇತಾಡುವ ಮೈಕಿನ ಕೆಳಗೆ ನಿಂತೆ.

“ಯಾರು ನೀನು, ಮುದುಕಿ?” ಎಂದರು ಸಾಹುಕಾರರು. “ಗುಡ್ಡದಾಚೆಯವಳೋ?” ನಾನು ತಲೆಯಾಡಿಸಿದೆ.

ಮೂರನೆಯ ಪ್ರಶ್ನೆಗೇ ಜನರ ನಡುವಿನಿಂದ ಒಬ್ಬ ಕೂಗಿದ: “ಏನಮ್ಮೋ, ಬಾಯಿಗೆ ಬೀಗ ಹಾಕ್ಕಂಡಿದೀಯಾ?” ಗೊಳ್ಳೆಂದು ನಕ್ಕರು. ಮಲಗಿದ್ದವರೂ ಎದ್ದು ಕೂತರು. ಸಾಹುಕಾರರು ಬೆದರಿ ಜನರ ಕಡೆ ತಿರುಗಿದರು. ಮಾತು ಮರೆಯುತ್ತಿದೆ ಎಂದು ಅವರ ಕುತ್ತಿಗೆ ನೋಡಿಯೇ ನನಗೆ ತಿಳಿಯಿತು. ಕೋಲಿನಿಂದ ಹಲಗೆಯನ್ನು ಒಮ್ಮೆ ಕುಟ್ಟಿದೆ. ಅವರು ತಿರುಗಿದರು. ಮೂಗುಬೊಟ್ಟು ಮುಟ್ಟಿ ತೋರಿಸಿದೆ. ಅವರು ಮೂಗುಬೊಟ್ಟು ನೋಡಿದರು, ಆಮೇಲೆ ಅದನ್ನು ಬಿಟ್ಟು ನನ್ನ ಕಣ್ಣನ್ನೇ ನೋಡಿದರು. ಅಲ್ಲಿಂದ ಮುಂದೆ ಒಂದು ಮಾತೂ ತಪ್ಪಲಿಲ್ಲ.

ಬರಗಾಲದ ರಾತ್ರಿ ಬಂದಾಗ ಮೈದಾನದಲ್ಲಿ ಕೆಮ್ಮೂ ಇರಲಿಲ್ಲ. ನಾನು ಗಾಡಿಯ ಹಿಂದೆ ಓಡಿದೆ, ಅವರು ನೋಡುತ್ತಾ ಹೇಳಿದರು. ನಾನು ಕೂಸನ್ನು ಮಲಗಿಸಿದೆ, ಅವರ ದನಿ ಇಳಿಯಿತು. “ಆ ಕೂಸು... ನಾನೇ ಏನು?” ಎಂದರು. ನಾನು ತಲೆಯಾಡಿಸಿದೆ.

ಅವರು ಮಂಡಿಯೂರಿದರು. ‘ತಾಯೀ’ ಎನ್ನಲಿಲ್ಲ. ಮೇಷ್ಟ್ರು ಶ್ರುತಿ ಹಿಡಿದೇ ಕಾದರು. ಪರದೆಯವನು ಹಗ್ಗ ಹಿಡಿದು ಕಾದ. ನಾನು ಅವರ ತಲೆ ಮುಟ್ಟಿದೆ, ಹೇಳಿ ಎಂಬಂತೆ. ಅವರು ಮುಖ ಎತ್ತಿ, ನಾಯಕನ ಭಾಷೆ ಬಿಟ್ಟು, ಮಂಡಿಯ ಸಾಹುಕಾರರಾಗಿ ಕೇಳಿದರು:

“ಹಂಗಾರೆ ಒಂದ್ಸಲ ಕರಿಯವ್ವಾ.”

ಇದು ನಾಟಕದಲ್ಲಿ ಇರಲಿಲ್ಲ. ನಾನು ಇಲ್ಲವೆಂದು ತಲೆಯಾಡಿಸಿದೆ. ಅವರು ಕದಲಲಿಲ್ಲ. “ಒಂದ್ಸಲ” ಎಂದರು. ಕಣ್ಣಿನಲ್ಲಿ ನೀರು ನಿಂತಿತ್ತು. ಪಕ್ಕದ ಪರದೆಯ ಹಿಂದೆ ಮೇಷ್ಟ್ರು ಎರಡೂ ಕೈ ಎತ್ತಿ ಬೇಡ ಬೇಡ ಎಂದು ಸನ್ನೆ ಮಾಡುತ್ತಿದ್ದರು. ಎಳೆದುಹಾಕು ಎಂದಿದ್ದ ಅದೇ ಮೇಷ್ಟ್ರು. ನನಗೆ ಡಾಕ್ಟರ ಮಾತು ನೆನಪಿತ್ತು. ನೆನಪಿರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಆದರೆ ಎದುರಿಗೆ ಮಂಡಿಯೂರಿ ಕೇಳುವವನಿಗೆ ಇಲ್ಲವೆನ್ನಲು ನನ್ನಿಂದ ಆಗಲಿಲ್ಲ.

“ಕಂದಾ” ಎಂದೆ.

ಸೀದ ಪಾತ್ರೆಯ ತಳ ಕೆರೆದ ಹಾಗಿತ್ತು ಆ ಸದ್ದು. ಹೆಣ್ಣಿನ ದನಿಯೂ ಅಲ್ಲ, ಗಂಡಿನದೂ ಅಲ್ಲ, ನಡುವೆ ಸೀಳಿಹೋಗಿತ್ತು. ಹೆಬ್ಬೆಯಲ್ಲಿ ಕೂಗಿದ್ದರ ಒಂದು ಪಾಲೂ ಇರಲಿಲ್ಲ, ಅವರ ಕಿವಿಗೆ ಹೇಳಿದಷ್ಟು ಮೆಲ್ಲಗೆ ಹೇಳಿದ್ದು. ಮೈಕು ಹಿಡಿದುಕೊಂಡು ಮೈದಾನದ ಕಡೆಯವರೆಗೂ ಒಯ್ದಿತು. ಸಾಹುಕಾರರು ನನ್ನ ಪಾದದ ಮೇಲೆ ಮುಖವಿಟ್ಟು ಬಿಕ್ಕಿದರು. ಪರದೆ ಇಳಿದ ಮೇಲೂ ಏಳಲಿಲ್ಲ. ಆಚೆ ಹೆಂಗಸರು ಗಟ್ಟಿಯಾಗಿ ಅಳುವುದು ಕೇಳುತ್ತಿತ್ತು.

ಬಣ್ಣ ಒರೆಸುವಾಗ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸಾಹುಕಾರರನ್ನು ಕರೆಸಿ ಸ್ಲೇಟು ಮುಖಕ್ಕೆ ಹಿಡಿದೆ: ‘ಯಾಕೆ ಹಾಗೆ ಮಾಡಿದಿರಿ? ನನ್ನ ಗಂಟಲು ನಿಮಗೇನು ಮಾಡಿತ್ತು?’

ಅವರು ಕಿರೀಟ ಕೈಯಲ್ಲಿ ಹಿಡಿದು ನಿಂತರು. “ತಪ್ಪಾಯ್ತು ಕಣಮ್ಮಾ. ನಾಕು ತಿಂಗ್ಳು ಆ ಮಾತ ನಾನೇ ಹೇಳ್ಕಂಡಿದೀನಿ, ಈರುಳ್ಳಿ ಮೂಟೆ ಮುಂದೆ ನಿಂತ್ಕಂಡು. ಕರಿಯೋನೂ ನಾನೇ, ಓ ಅನ್ನೋನೂ ನಾನೇ. ಇವತ್ತು ನೀವು ಎದುರಿಗಿದ್ರಿ. ಒಂದ್ಸಲ ಇನ್ನೊಬ್ರ ಬಾಯಲ್ಲಿ ಕೇಳ್ಬೇಕು ಅನ್ನಿಸ್ತು.”

ಸ್ಲೇಟು ಒರೆಸಿ ಚೀಲಕ್ಕೆ ಹಾಕಿದೆ. ಊರಿನವರು ಮುಂದಿನ ವರ್ಷಕ್ಕೆ ಅಲ್ಲಿಯೇ ವೀಳ್ಯ ಕೊಟ್ಟರು, ತೆಗೆದುಕೊಂಡೆ.

ಕಡೂರಿನ ಕೋಣೆಯಲ್ಲಿ ಉಳಿದ ದಿನಗಳನ್ನು ಬಾಯಿ ಮುಚ್ಚಿಕೊಂಡು ಕಳೆದೆ. ತರೀಕೆರೆಯ ಡಾಕ್ಟರು ಮತ್ತೆ ಕನ್ನಡಿ ಇಳಿಸಿ, “ಮಾತೇನಾದ್ರೂ ಆಡಿದ್ರಾ?” ಎಂದು ಕೇಳಿದರು. ಬೆರಳೆತ್ತಿ ‘ಒಂದೇ’ ಎಂದು ತೋರಿಸಿದೆ. ಅವರು ಕನ್ನಡಿಯನ್ನು ಟ್ರೇಗೆ ಎಸೆದರು. ದನಿ ಬಂತು, ಆದರೆ ಮೇಲಿನ ಸ್ವರಗಳು ಬರಲಿಲ್ಲ, ನಡುವೆ ಆ ಸೀಳು ಹಾಗೆಯೇ ಉಳಿಯಿತು. ಹೆಬ್ಬೆಯಲ್ಲೇ ಹೋಗಿತ್ತೋ, ಅಜ್ಜಂಪುರದಲ್ಲಿ ಹೋಯಿತೋ ಎಂದು ಕೇಳಿದರೆ ಅವರೂ ಸರಿಯಾಗಿ ಹೇಳಲಿಲ್ಲ.

ಮದ್ರಾಸಿಗೆ ಡಬ್ಬಿಂಗಿಗೆ ಕರೆದರು. ಕತ್ತಲೆ ಕೋಣೆಯಲ್ಲಿ ನಿಲ್ಲಿಸಿ, ಬಂಡೆಯ ಮೇಲಿನ ನನ್ನ ಚಿತ್ರವನ್ನೇ ಮತ್ತೆ ಮತ್ತೆ ತಿರುಗಿಸಿದರು. ಬಾಯಿಗೆ ಬಾಯಿ ಸರಿಯಾಗಿ ಕೂಡಿಸಿದೆ, ಅದರಲ್ಲಿ ತಪ್ಪಿರಲಿಲ್ಲ. ಗಾಜಿನ ಆಚೆ ಕೂತಿದ್ದ ಸೌಂಡ್ ಇಂಜಿನಿಯರು ಆಗದು ಎಂದು ತಲೆಯಾಡಿಸಿದರು. ಅಸಿಸ್ಟೆಂಟ್ ಡೈರೆಕ್ಟರು ಹೊರಗೆ ಬಂದು, “ಬೇಜಾರು ಮಾಡ್ಕೋಬೇಡಿ ಅಮ್ಮಾ, ವಾಯ್ಸ್ ಒಡೀತಾ ಇದೆ. ಬೇರೆಯವರ ಹತ್ರ ಹೇಳಿಸ್ತೀವಿ” ಎಂದರು. ಬೇಜಾರಾಯಿತು. ಸುಮ್ಮನೆ ತಲೆಯಾಡಿಸಿದೆ, ಅಭ್ಯಾಸವಾಗಿತ್ತಲ್ಲ. ಅಂದೇ ರೈಲು ಹತ್ತಿದೆ.

ಆಮೇಲೆ ಹಾಡುವ ಪಾತ್ರಗಳು ಬರಲಿಲ್ಲ. ಮುದುಕಿ ಪಾತ್ರಗಳಿಗೆ ಕರೆದರು. ಎಷ್ಟೋ ವರ್ಷ ಕಳೆದು ಟೀವಿ ಬಂದ ಮೇಲೆ ಬೆಂಗಳೂರಿನಲ್ಲಿ ಧಾರಾವಾಹಿಯವರು ಕೋಲಿನ ತುದಿಗೆ ಮೈಕು ಕಟ್ಟಿ ತಲೆಯ ಮೇಲೆ ಹಿಡಿದು, “ಅಜ್ಜಿ, ಇನ್ನೂ ಮೆಲ್ಲಗೆ, ಇನ್ನೂ ಮೆಲ್ಲಗೆ” ಎನ್ನುವಾಗ, ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಎಂದು ಸುಸ್ತಾಗಿ ನಕ್ಕಿದ್ದೇನೆ.

ಹೆಬ್ಬೆಯ ಆ ಸಿನಿಮಾ ಶೂಟಿಂಗಿನ ಮರುವರ್ಷವೇ ಅಜ್ಜಂಪುರದ ಟೆಂಟಿಗೆ ಬಂದಿತ್ತು. ಹಿಡಿದಿದ್ದ ವೀಳ್ಯದ ನಾಟಕಕ್ಕೆಂದು ನಾನು ಅದೇ ಊರಿನಲ್ಲಿದ್ದೆ. ಸಾಹುಕಾರರು ಮನೆಯವರನ್ನೆಲ್ಲ ಕರೆದುಕೊಂಡು ಮೊದಲ ಆಟಕ್ಕೇ ಬಂದಿದ್ದರು. ಟೆಂಟಿನ ನಡುವೆ ಮೋಟುಗೋಡೆ. ಈಚೆ ಹೆಂಗಸರ ಜೊತೆ ನಾನು, ಆಚೆ ಗಂಡಸರ ಬೆಂಚಿನಲ್ಲಿ ಅವರು.

ಹೆಬ್ಬೆ ಬಂತು. ಬಂಡೆ ಬಂತು. ಒದ್ದೆ ಸೀರೆಯಲ್ಲಿ ನಾನು ಬಂದೆ, ಬಾಯಿ ತೆರೆದೆ. “ಕಂದಾ!” ಎಂದು ಜೇನಿನಲ್ಲಿ ಅದ್ದಿದಂಥ ದನಿಯೊಂದು ಟೆಂಟನ್ನು ತುಂಬಿತು. ಎಲ್ಲೂ ಒಡೆಯದ, ನಡುಗದ ದನಿ. ಪಕ್ಕದ ಹೆಂಗಸು ನನ್ನ ಗುರುತು ಹಿಡಿದು ತೊಡೆ ಮುಟ್ಟಿದಳು. “ಅಯ್ಯೋ, ನಿಮ್ದೇನಾ ಅಮ್ಮಾ? ದನಿ ಎಷ್ಟ್ ಚೆಂದಾಗೈತೆ!”

ವಿವರಿಸುವ ಶಕ್ತಿ ಇರಲಿಲ್ಲ. “ಹೂಂ ಕಣವ್ವಾ” ಎಂದೆ.

ಮೋಟುಗೋಡೆಯ ಆಚೆ ಯಾರೋ ಎದ್ದು ನಿಂತರು. ದಪ್ಪ ನೆರಳು ಪರದೆಯ ಮೇಲೆ ನನ್ನ ಮುಖದ ಅರ್ಧಕ್ಕೆ ಬಿತ್ತು.

“ಅದು ಅವ್ರ ದನಿ ಅಲ್ಲ ಕಣ್ರೀ!” ಎಂದು ಸಾಹುಕಾರರು ಇಡೀ ಟೆಂ‌ಟಿಗೆ ಕೇಳುವಂತೆ ಕೂಗಿದರು. “ಅವ್ರ ದನಿ ಹಂಗಿಲ್ಲ! ಅವ್ರ ದನಿ ನಾನ್ ಕೇಳಿದೀನಿ!”

“ಕೂತ್ಕಳ್ರೀ ಸಾಹುಕಾರ್ರೇ, ಕಾಣಲ್ಲ” ಎಂದು ಹಿಂದಿನಿಂದ ಯಾರೋ ಗದರಿದರು.

ಅವರು ಕೂತರು. ಪರದೆಯ ಮೇಲೆ ನಾನು ಇನ್ನೂ ಬಾಯಾಡಿಸುತ್ತಲೇ ಇದ್ದೆ.